ಹಳೇ ಸ್ವಿಫ್ಟಿಗೆ ರಾಸ್ಪ್‌ಬೆರಿ ಪೈ ಮತ್ತೆ ರಿವರ್ಸ್ ಕ್ಯಾಮೆರಾ: ಸ್ಕ್ರೀನ್ ಒಂದೇ ಇರ್ಲಿ, ದಾರಿ ಬೇರೆ ಬೇರೆ ಇರ್ಲಿ

ಪ್ರಶ್ನೆ: ನನ್ನದು 2013ರ ಪೆಟ್ರೋಲ್ ಸ್ವಿಫ್ಟ್, ಹಿಂದೆ ಸೆನ್ಸರ್ ಕೂಡ ಇಲ್ಲ. ಮನೇಲಿ ರಾಸ್ಪ್‌ಬೆರಿ ಪೈ 4 (ಅಂಗೈಯಷ್ಟು ಪುಟ್ಟ ಕಂಪ್ಯೂಟರ್ ಬೋರ್ಡ್) ಒಂದು ಸುಮ್ನೆ ಬಿದ್ದಿದೆ. ಅದನ್ನೇ ಕಾರಿಗೆ ಹಾಕಿ 7 ಇಂಚಿನ ಸ್ಕ್ರೀನಲ್ಲಿ ಮ್ಯಾಪು, ಹಾಡು, ಎಂಜಿನ್ ಟೆಂಪರೇಚರ್, ರಿವರ್ಸ್ ಕ್ಯಾಮೆರಾ ಎಲ್ಲಾ ಬರೋ ಹಾಗೆ ಮಾಡ್ಬೇಕು ಅಂತ ಆಸೆ. ಕ್ಯಾಮೆರಾನ ಯುಎಸ್‌ಬಿ ಮೂಲಕ ಪೈಗೇ ಹಾಕ್ಬಹುದಾ? ಕರೆಂಟಿಗೆ ಸಿಗರೇಟ್ ಲೈಟರ್ ಸಾಕಾ? ರಾತ್ರಿ ನಿಲ್ಸಿದ್ರೆ ಬ್ಯಾಟರಿ ಡೌನ್ ಆಗಲ್ವಾ? ಅಂಗಡಿಯವ್ರು ಇಷ್ಟೆಲ್ಲಾ ಯಾಕೆ, ಆಂಡ್ರಾಯ್ಡ್ ಸ್ಟೀರಿಯೋ ಹಾಕಿಸ್ಕೊಳ್ಳಿ ಅಂತಿದ್ದಾರೆ. (ದಾವಣಗೆರೆಯ ಓದುಗರೊಬ್ಬರು)

ಉತ್ತರ: ಮಾಡ್ಬಹುದು, ಧಾರಾಳವಾಗಿ ಮಾಡ್ಬಹುದು. ಆದ್ರೆ ನೀವು ಮೊದ್ಲು ಕೇಳಿರೋ ವಿಷ್ಯಕ್ಕೇ ನಾನು ಬೇಡ ಅಂತೀನಿ. ಕ್ಯಾಮೆರಾನ ಪೈಗೆ ಹಾಕ್ಬೇಡಿ.

ಯಾಕೆ ಅಂದ್ರೆ ಪೈ 4 ಆನ್ ಆಗಿ, ಡೆಸ್ಕ್‌ಟಾಪ್ ಬಂದು, ನಿಮ್ಮ ಪ್ರೋಗ್ರಾಂ ಓಪನ್ ಆಗೋ ಹೊತ್ತಿಗೆ ಏನಿಲ್ಲಾ ಅಂದ್ರೂ ಅರ್ಧ ನಿಮಿಷ ಬೇಕು. ಬೆಳಿಗ್ಗೆ ಶೆಡ್ಡಿಂದ ಕಾರು ತೆಗೆಯೋವಾಗ ನಾವು ಮಾಡೋ ಮೊದಲ ಕೆಲ್ಸಾನೇ ರಿವರ್ಸ್ ಹಾಕೋದು, ಅಂದ್ರೆ ಕ್ಯಾಮೆರಾ ತುಂಬಾ ಬೇಕಾಗಿರೋ ಆ ಹೊತ್ತಲ್ಲಿ ನಿಮ್ಮ ಸ್ಕ್ರೀನಲ್ಲಿ ಬೂಟ್ ಆಗ್ತಿರೋ ಅಕ್ಷರಗಳು ಓಡ್ತಾ ಇರ್ತಾವೆ. ಅಮೆರಿಕಾದಲ್ಲಿ 2018ರ ಮೇ 1ರಿಂದ ಹೊಸ ಕಾರುಗಳಿಗೆಲ್ಲಾ ಹಿಂದಿನ ಕ್ಯಾಮೆರಾ ಕಡ್ಡಾಯ ಮಾಡಿದಾರಲ್ಲ, ಆ ನಿಯಮದಲ್ಲೇ ಇದೆ, ರಿವರ್ಸ್ ಗೇರ್ ಬಿದ್ದು 2 ಸೆಕೆಂಡ್ ಒಳಗೆ ಚಿತ್ರ ಬಂದಿರ್ಬೇಕು ಅಂತ. ಆ ಕಾನೂನು ಬಂದಿದ್ದೇ ಮನೆ ಮುಂದೆ ರಿವರ್ಸ್ ತಗೊಳ್ಳೋವಾಗ ಸಣ್ಣ ಮಕ್ಕಳು ಚಕ್ರದ ಕೆಳಗೆ ಸಿಕ್ಕಿರೋ ಕೇಸುಗಳಿಂದ. ನಮ್ಮಲ್ಲಿ 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ರಿವರ್ಸ್ ಪಾರ್ಕಿಂಗ್ ಸೆನ್ಸರ್ ಕಡ್ಡಾಯ, ಕ್ಯಾಮೆರಾ ಅಲ್ಲ, ನಿಮ್ಮ ಕಾರು ಅದಕ್ಕೂ ಮುಂಚಿನದು. ಹಂಗಾಗಿ ನೀವು ಹಾಕ್ತಿರೋ ಕ್ಯಾಮೆರಾನೇ ನಿಮಗಿರೋ ಒಂದೇ ಕಣ್ಣು, ಅದು ಒಂದು ಎಸ್‌ಡಿ ಕಾರ್ಡಿನ ಆರೋಗ್ಯದ ಮೇಲೆ ನಿಂತಿರಬಾರ್ದು. ಪೈ ಹ್ಯಾಂಗ್ ಆದ್ರೆ ಹಾಡು ನಿಲ್ಲತ್ತೆ, ಪರವಾಗಿಲ್ಲ. ಕ್ಯಾಮೆರಾ ಚಿತ್ರ ಅಲ್ಲೇ ಫ್ರೀಜ್ ಆಗಿ ನಿಂತ್ರೆ? ಖಾಲಿ ಸ್ಕ್ರೀನಿಗಿಂತ ಅದು ಕೆಟ್ಟದ್ದು, ಹಿಂದೆ ಯಾರೂ ಇಲ್ಲ ಅಂತ ನೀವು ನಂಬ್ಕೊಂಡು ಕ್ಲಚ್ ಬಿಡ್ತೀರಿ.

ಕ್ಯಾಮೆರಾ ಸಿಗ್ನಲನ್ನ ಪೈಗೆ ತಿಳಿಯೋ ಹಾಗೆ ಬದಲಾಯ್ಸೋ ಯುಎಸ್‌ಬಿ ಕ್ಯಾಪ್ಚರ್ ಡಾಂಗಲ್ ಹಾಕಿದ್ರೆ ಇನ್ನೊಂದು ತೊಂದ್ರೆ, ಚಿತ್ರ ಸ್ವಲ್ಪ ತಡವಾಗಿ ಬರತ್ತೆ. ಮೇಜಿನ ಮೇಲೆ ಟೆಸ್ಟ್ ಮಾಡೋವಾಗ ಗೊತ್ತಾಗಲ್ಲ, ಗೋಡೆ ಹತ್ರ ಹೋಗೋವಾಗ ಗೊತ್ತಾಗತ್ತೆ.

ಹಾಗಾದ್ರೆ ಹೆಂಗೆ ಮಾಡೋದು ಅಂದ್ರೆ, ಮಾನಿಟರ್ ತಗೊಳ್ಳೋವಾಗಲೇ ಎಚ್‌ಡಿಎಂಐ ಜೊತೆಗೆ ಎರಡು ಎವಿ ಇನ್‌ಪುಟ್ (ಹಳೇ ಟಿವಿಯಲ್ಲಿದ್ದ ಹಳದಿ ಪಿನ್ನಿನ ತರದ್ದು) ಇರೋದು, ರಿವರ್ಸ್ ಟ್ರಿಗರ್ ವೈರ್ ಇರೋದು ನೋಡಿ ತಗೊಳ್ಳಿ. ಕಾರಿಗೆ ಅಂತಾನೇ ಮಾಡಿರೋ 7 ಇಂಚಿನ ಮಾನಿಟರ್‌ಗಳಲ್ಲಿ ಇದು ಸಾಮಾನ್ಯವಾಗಿ ಇರತ್ತೆ, 12 ವೋಲ್ಟಲ್ಲೇ ಓಡತ್ತೆ. ಪೈ ಎಚ್‌ಡಿಎಂಐಗೆ, ಕ್ಯಾಮೆರಾ ಎವಿ 2ಗೆ. ಟ್ರಿಗರ್ ವೈರಿಗೆ 12 ವೋಲ್ಟ್ ಬಂದ ತಕ್ಷಣ ಮಾನಿಟರ್ ತಾನಾಗೇ ಕ್ಯಾಮೆರಾಗೆ ಹೋಗತ್ತೆ, ಗೇರ್ ತೆಗೆದ್ರೆ ವಾಪಸ್ ಪೈಗೆ. ಮಧ್ಯದಲ್ಲಿ ಪೈ ಬೂಟ್ ಆಗಿದ್ಯಾ ಸತ್ತಿದ್ಯಾ ಅನ್ನೋದು ಕ್ಯಾಮೆರಾಗೆ ಸಂಬಂಧಾನೇ ಇಲ್ಲ. ಪೈಯವರದೇ 7 ಇಂಚಿನ ಟಚ್ ಸ್ಕ್ರೀನ್ ಚೆನ್ನಾಗೇ ಇದೆ, ಆದ್ರೆ ಅದಕ್ಕೆ ಎವಿ ಇನ್‌ಪುಟ್ ಇಲ್ಲ, ಅದಕ್ಕೇ ಈ ಕೆಲ್ಸಕ್ಕೆ ಬೇಡ ಅಂತೀನಿ. ಟಚ್ ಬೇಕಂದ್ರೆ ಟಚ್‌ಗೆ ಯುಎಸ್‌ಬಿ ವೈರ್ ಬರೋ ಕಾರ್ ಮಾನಿಟರ್‌ಗಳೂ ಇದಾವೆ. ಎಲ್ಲಿ ಕೂರಿಸ್ತೀರಿ ನೋಡ್ಕೊಳ್ಳಿ, ಎಡಗಡೆ ಡ್ಯಾಶ್‌ಬೋರ್ಡಲ್ಲಿ ಏರ್‌ಬ್ಯಾಗ್ ಇದ್ರೆ ಅದರ ಮುಚ್ಚಳದ ಮೇಲಾಗ್ಲಿ ಅದು ಉಬ್ಬೋ ದಾರೀಲಾಗ್ಲಿ ಸ್ಟ್ಯಾಂಡ್ ಅಂಟಿಸಬಾರ್ದು.

ಈಗ ಕ್ಯಾಮೆರಾ. ನಂಬರ್ ಪ್ಲೇಟ್ ಲೈಟ್ ಹತ್ರ ಮೇಲ್ಗಡೆ ಮಧ್ಯದಲ್ಲಿ ಕೂರೋದೇ ಒಳ್ಳೇದು, ಬಂಪರಲ್ಲಿ ಹಾಕಿದ್ರೆ ಮಳೆಗಾಲದಲ್ಲಿ ಕೆಸರು ಹತ್ತಿ ದಿನಾ ಒರೆಸೋದೇ ಕೆಲ್ಸ. ಎಚ್‌ಎಸ್‌ಆರ್‌ಪಿ ಪ್ಲೇಟ್ ಹಾಕಿಸಿದ್ರೆ ಅದರ ಸ್ನ್ಯಾಪ್ ಲಾಕ್ ಮುಟ್ಟೋಕೆ ಹೋಗ್ಬೇಡಿ, ಅದು ಒಂದ್ಸಲ ತೆಗೆದ್ರೆ ಮತ್ತೆ ಕೂರಲ್ಲ, ಹಂಗೇ ಅಕ್ಷರ ಮುಚ್ಚೋ ಹಾಗೂ ಕ್ಯಾಮೆರಾ ಇಳಿಬಿಡ್ಬೇಡಿ. ನೀರು, ಧೂಳು ತಡೆಯೋ ಐಪಿ 67 ಅಥವಾ 68 ದರ್ಜೆ ಇರ್ಲಿ. 170 ಡಿಗ್ರಿ ಅಂತ ಬರೆದಿರೋದಕ್ಕೆ ಮರುಳಾಗ್ಬೇಡಿ, ಅಗಲ ಜಾಸ್ತಿ ಆದಷ್ಟೂ ಹಿಂದಿರೋ ವಸ್ತು ಚಿಕ್ಕದಾಗಿ, ದೂರ ಇದ್ದ ಹಾಗೆ ಕಾಣತ್ತೆ, 120-140 ಸಾಕು. ಮೆಗಾಪಿಕ್ಸೆಲ್‌ಗಿಂತ ಕತ್ತಲಲ್ಲಿ ಹೆಂಗೆ ಕಾಣತ್ತೆ ಅನ್ನೋದು ಮುಖ್ಯ, ಯಾಕಂದ್ರೆ ರಿವರ್ಸ್ ಲೈಟಿನ ಬೆಳಕು ಅಷ್ಟಕ್ಕಷ್ಟೇ. ಇನ್ನೊಂದು, ಈಗ ಅಂಗಡೀಲಿ ಎಎಚ್‌ಡಿ ಕ್ಯಾಮೆರಾ ಅಂತ ಬೇರೆ ಬರತ್ತೆ, ತುದೀಲಿ ಅದೇ ಹಳದಿ ಆರ್‌ಸಿಎ ಪಿನ್ ಇರತ್ತೆ ಆದ್ರೆ ಒಳಗಿನ ಸಿಗ್ನಲ್ ಬೇರೆ. ಸಾದಾ ಎವಿ ಮಾನಿಟರಿಗೆ ಅದನ್ನ ಹಾಕಿದ್ರೆ ಸರಿಯಾದ ಚಿತ್ರ ಬರಲ್ಲ, ಜನ ಕ್ಯಾಮೆರಾ ಕೆಟ್ಟಿದೆ ಅಂತ ವಾಪಸ್ ಕೊಟ್ಟು ಬರ್ತಾರೆ.

ಕ್ಯಾಮೆರಾಗೆ ಕರೆಂಟ್ ರಿವರ್ಸ್ ಬಲ್ಬಿಂದ ತಗೊಳ್ಳಿ, ನಿಮ್ಮ ಕಾರಲ್ಲಿ ಅದಕ್ಕೇನೂ ತೊಂದ್ರೆ ಇಲ್ಲ, 21 ವ್ಯಾಟಿನ ಬಲ್ಬ್ ಉರಿಸೋ ಲೈನಿಗೆ ಕ್ಯಾಮೆರಾ ಎಳೆಯೋ ಕರೆಂಟ್ ಲೆಕ್ಕಕ್ಕೇ ಇಲ್ಲ. (ಬಲ್ಬ್ ಸರಿ ಇದ್ಯಾ ಅಂತ ಕಂಪ್ಯೂಟರಿಂದ ಚೆಕ್ ಮಾಡೋ ಹೊಸ ಕಾರುಗಳಲ್ಲಿ ಚಿತ್ರ ಮಿಣಕ್ ಮಿಣಕ್ ಅನ್ನತ್ತೆ, ಅಲ್ಲಿ ರಿಲೇ ಇಲ್ಲಾ ಫಿಲ್ಟರ್ ಬೇಕಾಗತ್ತೆ.) ಹ್ಯಾಂಡ್ ಬ್ರೇಕ್ ಎಳೆದು, ಎಂಜಿನ್ ಆಫ್ ಇಟ್ಟು, ಕೀ ಆನ್ ಮಾಡಿ, ರಿವರ್ಸ್ ಗೇರ್ ಹಾಕಿ, ಬಲ್ಬ್ ಹೋಲ್ಡರಲ್ಲಿ ಮಲ್ಟಿಮೀಟರ್ ಇಟ್ಟು 12 ವೋಲ್ಟ್ ಯಾವ ವೈರಲ್ಲಿ ಅಂತ ಖಚಿತ ಮಾಡ್ಕೊಳ್ಳಿ, ವೈರ್ ಬಣ್ಣ ನೋಡಿ ಊಹೆ ಮಾಡ್ಬೇಡಿ. ಜೋಡಣೆ ಮಾಡೋವಾಗ ವೈರ್ ಸುಲಿದು, ತಿರುಚಿ, ಕರೀ ಟೇಪ್ ಸುತ್ತೋದು ಬೇಡವೇ ಬೇಡ, ಬಿಸಿಲಿಗೆ ಆ ಟೇಪಿನ ಅಂಟು ಕರಗಿ ಒಂದೇ ಬೇಸಿಗೇಲಿ ಬಿಚ್ಕೊಳ್ಳತ್ತೆ. ಚುಚ್ಚಿ ಒತ್ತೋ ನೀಲಿ ಕ್ಲಿಪ್ಪೂ ಡಿಕ್ಕಿ ಹತ್ರ ಬೇಡ, ತೇವ ಹೋಗಿ ಹಸಿರು ತುಕ್ಕು ಹಿಡಿಯತ್ತೆ. ಬೆಸುಗೆ ಹಾಕಿ ಹೀಟ್ ಶ್ರಿಂಕ್ ಟ್ಯೂಬ್ ಏರಿಸಿ. ಟ್ಯೂಬನ್ನ ಬೆಸುಗೆಗೆ ಮುಂಚೆನೇ ವೈರಿಗೆ ಪೋಣಿಸ್ಕೊಳ್ಳೋದು ನೆನಪಿರ್ಲಿ.

ಕಷ್ಟದ ಕೆಲ್ಸ ಇರೋದು ಹಿಂದಿನ ಬಾಗಿಲಿಂದ ಬಾಡಿ ಒಳಗೆ ವೈರ್ ತರೋದ್ರಲ್ಲಿ. ಬಾಗಿಲಿನ ಹಿಂಜ್ ಪಕ್ಕ ಕಪ್ಪು ರಬ್ಬರ್ ಪೈಪ್ ಒಂದಿರತ್ತಲ್ಲ, ಕಂಪನಿ ವೈರಿಂಗ್ ಎಲ್ಲಾ ಅದರೊಳಗೇ ಹೋಗತ್ತೆ, ನಿಮ್ಮ ವೈರೂ ಅದರೊಳಗೇ ಹೋಗ್ಬೇಕು. ಹೊರಗಿಂದ ಬೀಡಿಂಗ್ ಸಂದೀಲಿ ತೂರಿಸಿ ಬಾಗಿಲು ಹಾಕಿದ್ರೆ ದಿನಾ ಜಜ್ಜಿ ಜಜ್ಜಿ ಒಂದಿನ ವೈರ್ ತುಂಡಾಗತ್ತೆ, ಅಷ್ಟರೊಳಗೆ ಮಳೆ ನೀರು ಅದೇ ವೈರ್ ಹಿಡ್ಕೊಂಡು ಒಳಗೆ ಬಂದಿರತ್ತೆ. ರಬ್ಬರಿನ ಎರಡೂ ತುದಿ ಮೆಲ್ಲಗೆ ಕಿತ್ತು, ಒಂದು ಗಟ್ಟಿ ಕಂಬಿ ತೂರಿಸಿ, ಅದರ ತುದಿಗೆ ಆರ್‌ಸಿಎ ಕೇಬಲ್ ಕಟ್ಟಿ, ಸ್ವಲ್ಪ ಸೋಪಿನ ನೀರು ಸವರಿ ಎಳೀರಿ. ಆರ್‌ಸಿಎ ಪಿನ್ ದಪ್ಪ ಇರೋದ್ರಿಂದ ಅಲ್ಲೇ ಸಿಕ್ಕಾಕೊಳ್ಳತ್ತೆ, ಜೋರಾಗಿ ಎಳೆದ್ರೆ ಪಿನ್ನಿನ ಬುಡದಲ್ಲಿ ವೈರ್ ಬಿಡತ್ತೆ, ತಾಳ್ಮೆ ಬೇಕು. ಆಮೇಲೆ ಬಾಗಿಲು ಪೂರ್ತಿ ಎತ್ತಿ ಇಳಿಸಿ ನೋಡಿ, ಪೂರ್ತಿ ಎತ್ತಿದಾಗ ವೈರ್ ಬಿಗಿಯಾಗ್ಬಾರ್ದು. ಅಲ್ಲಿಂದ ಮುಂದೆ ಬಾಗಿಲ ಕೆಳಗಿನ ಪ್ಲಾಸ್ಟಿಕ್ ಪಟ್ಟಿ ಒಳಗೆ ಸುಲಭ, ಕ್ಲಿಪ್ ಎತ್ತಿದ್ರೆ ಬರತ್ತೆ. ಹಳದಿ ಬಣ್ಣದ ಕನೆಕ್ಟರ್ ಅಥವಾ ಹಳದಿ ಕವಚದ ವೈರ್ ಕಂಡ್ರೆ ಅದು ಏರ್‌ಬ್ಯಾಗಿಂದು, ಬಿಚ್ಚೋದಿರ್ಲಿ ಅದಕ್ಕೆ ಟ್ಯಾಗ್ ಕಟ್ಟೋಕೂ ಹೋಗ್ಬೇಡಿ. ಹೆಚ್ಚಿನ ಆರ್‌ಸಿಎ ಕೇಬಲಿನ ಎರಡೂ ತುದೀಲಿ ಒಂದು ಸಣ್ಣ ಕೆಂಪು ವೈರ್ ಹೊರಗೆ ಬಂದಿರತ್ತೆ, ಅದೇ ಟ್ರಿಗರ್: ಹಿಂದಿನ ತುದೀನ ರಿವರ್ಸ್ ಬಲ್ಬಿನ 12 ವೋಲ್ಟಿಗೆ, ಮುಂದಿನ ತುದೀನ ಮಾನಿಟರ್ ಟ್ರಿಗರಿಗೆ.

ಕರೆಂಟಿನ ವಿಷ್ಯಕ್ಕೆ ಬರೋಣ, ಈ ತರ ಪ್ರಾಜೆಕ್ಟ್‌ಗಳು ಹೆಚ್ಚಾಗಿ ಹಾಳಾಗೋದು ಇಲ್ಲೇ. ಕಾರಿನ 12 ವೋಲ್ಟ್ ಅನ್ನೋದು ಹೆಸರಿಗೆ ಮಾತ್ರ. ಎಂಜಿನ್ ಆಫ್ ಇದ್ದಾಗ ಒಳ್ಳೇ ಬ್ಯಾಟರೀಲಿ 12.6 ಇರತ್ತೆ, ಓಡೋವಾಗ 14ರ ಆಸುಪಾಸು, ಸೆಲ್ಫ್ ಹೊಡೆದಾಗ 9ಕ್ಕೋ ಅದಕ್ಕೂ ಕೆಳಗೋ ಇಳಿಯತ್ತೆ, ನಡುವೆ ಆಲ್ಟರ್ನೇಟರಿಂದ ಸಣ್ಣ ಸಣ್ಣ ಜಿಗಿತ ಬೇರೆ. ಸಿಗರೇಟ್ ಲೈಟರ್ ಸಾಲಲ್ಲ, ಅದು ಬರೋದು ಆಕ್ಸೆಸರಿ ಲೈನಿಂದ, ಮತ್ತೆ ಬಹುತೇಕ ಕಾರುಗಳಲ್ಲಿ ಸೆಲ್ಫ್ ಹೊಡೆಯೋವಾಗ ಆ ಲೈನೇ ಕಟ್ ಆಗತ್ತೆ. ಅಂದ್ರೆ ಕೀ ಹಾಕಿದ್ರಿ, ಪೈ ಬೂಟ್ ಶುರು ಆಯ್ತು, ಸೆಲ್ಫ್ ಹೊಡೆದ್ರಿ, ಪೈ ಸತ್ತು ಮತ್ತೆ ಮೊದಲಿಂದ ಬೂಟ್. ಜೊತೆಗೆ ಹಂಪ್ ಹಾರಿದಾಗೆಲ್ಲಾ ಪ್ಲಗ್ ಸಡಿಲ ಆಗತ್ತೆ. ಎಸ್‌ಡಿ ಕಾರ್ಡ್ ಬೇಗ ಸಾಯೋದಕ್ಕೆ ಇದಕ್ಕಿಂತ ಒಳ್ಳೇ ದಾರಿ ಇಲ್ಲ.

ಫ್ಯೂಸ್ ಬಾಕ್ಸಲ್ಲಿ ಕೀ ತೆಗೆದ ಮೇಲೂ ಕರೆಂಟ್ ಇರೋ ಒಂದು ಸ್ಲಾಟ್ ಹುಡುಕಿ, ಫ್ಯೂಸ್ ಟ್ಯಾಪ್ ಅಂತ ಸಿಗತ್ತೆ, ಅದನ್ನ ಹಾಕಿ 5 ಆಂಪ್ ಫ್ಯೂಸ್ ಕೊಟ್ಟು ಅಲ್ಲಿಂದ ಲೈನ್ ತನ್ನಿ. ಟ್ಯಾಪ್ ತಗೊಳ್ಳೋವಾಗ ನಿಮ್ಮ ಕಾರಿನ ಫ್ಯೂಸ್ ಒಂದನ್ನ ಕಿತ್ತು ಅಂಗಡಿಗೆ ತಗೊಂಡೋಗಿ, ಸೈಜ್ ಬೇರೆ ಬೇರೆ ಇರತ್ತೆ. ಎರಡನೇ ಟ್ಯಾಪ್ ಇಗ್ನಿಷನ್ ಲೈನಿಗೆ, ಅದು ಕೀ ಆನ್ ಆಗಿದ್ಯಾ ಇಲ್ವಾ ಅಂತ ಪೈಗೆ ಹೇಳೋಕೆ, ಮತ್ತೆ ಮಾನಿಟರಿಗೆ ಕರೆಂಟ್ ಕೊಡೋಕೆ, ಸೆಲ್ಫ್ ಹೊಡೆದಾಗಲೂ ಕಟ್ ಆಗದೇ ಇರೋದನ್ನ ಮೀಟರ್ ಇಟ್ಟು ನೋಡಿ ಆರಿಸ್ಕೊಳ್ಳಿ. ಅರ್ತ್‌ಗೆ ಬಾಡಿಯ ಒಂದು ಒಳ್ಳೇ ಬೋಲ್ಟ್ ಹುಡುಕಿ ಅದರ ಕೆಳಗಿನ ಪೇಂಟ್ ಕೆರೆದು ರಿಂಗ್ ಲಗ್ ಹಾಕಿ ಬಿಗಿ ಮಾಡಿ. ಪೈ, ಮಾನಿಟರ್, ಆಡಿಯೋ ಎಲ್ಲಾದ್ರ ಅರ್ತ್ ಒಂದೇ ಬೋಲ್ಟಿಗೆ ಬರ್ಲಿ, ಇಲ್ಲಾಂದ್ರೆ ಆಕ್ಸಿಲರೇಟರ್ ಒತ್ತಿದ ಹಾಗೆ ಸ್ಪೀಕರಲ್ಲಿ ಕುಂಯ್ ಅಂತ ಏರ್ತಾ ಹೋಗೋ ಶಬ್ದ ಬರತ್ತೆ.

ಕಾರಿನ 12 ವೋಲ್ಟನ್ನ ಪೈಗೆ ಬೇಕಾದ 5 ವೋಲ್ಟಿಗೆ ಇಳಿಸೋ ಕನ್ವರ್ಟರ್ ಬಗ್ಗೆ ಜಿಪುಣತನ ಬೇಡ. ಬೆಂಗಳೂರಿನ ಎಸ್‌ಪಿ ರೋಡಲ್ಲಿ ಚಿಲ್ಲರೆ ಕಾಸಿಗೆ ಸಿಗೋ ಎಲ್‌ಎಂ 2596 ಬೋರ್ಡ್ ಮೇಲೆ 3 ಆಂಪ್ ಅಂತ ಬರೆದಿರತ್ತೆ, ಪೈ 4 ಕೇಳೋದೂ 5 ವೋಲ್ಟ್ 3 ಆಂಪೇ, ಲೆಕ್ಕ ಸರಿಹೋಯ್ತು ಅನ್ಸತ್ತೆ, ಆದ್ರೆ ಬೇಸಿಗೇಲಿ ಮುಚ್ಚಿದ ಡಬ್ಬಿ ಒಳಗೆ ಆ ಬೋರ್ಡ್ ಅಷ್ಟು ಹೊತ್ತು ಕೊಡಲ್ಲ. ಇನ್‌ಪುಟ್ 8ರಿಂದ 36 ವೋಲ್ಟ್ ತಡೆಯೋ, ಔಟ್‌ಪುಟ್ 5 ವೋಲ್ಟ್ 5 ಆಂಪ್ ಕೊಡೋ, ಗಾಡಿಗೆ ಅಂತಾನೇ ಮಾಡಿರೋ ಕನ್ವರ್ಟರ್ ತಗೊಳ್ಳಿ. ಅದನ್ನ ಪೈ ಪಕ್ಕದಲ್ಲೇ ಇಡಿ. ಫ್ಯೂಸ್ ಬಾಕ್ಸ್ ಹತ್ರ ಕನ್ವರ್ಟರ್ ಇಟ್ಟು ಅಲ್ಲಿಂದ ಉದ್ದದ ಯುಎಸ್‌ಬಿ ಕೇಬಲ್ ಎಳೆದವ್ರ ಪೈಯಲ್ಲಿ ಮೂಲೇಲಿ ಹಳದಿ ಮಿಂಚಿನ ಗುರುತು ಬರ್ತಾನೇ ಇರತ್ತೆ. ಲೆಕ್ಕ ನೋಡಿ: 24 ಗೇಜಿನ ತಾಮ್ರದ ವೈರ್ ಮೀಟರಿಗೆ ಸುಮಾರು 0.084 ಓಮ್, 2 ಮೀಟರ್ ಕೇಬಲ್ ಅಂದ್ರೆ ಹೋಗಿ ಬರೋಕೆ 4 ಮೀಟರ್, 0.34 ಓಮ್ ಆಯ್ತು, 3 ಆಂಪ್ ಎಳೆದ್ರೆ 1 ವೋಲ್ಟ್ ವೈರಲ್ಲೇ ಹೋಯ್ತು. 5ರಲ್ಲಿ 4 ಉಳೀತು, ಪೈ 4.63ಕ್ಕಿಂತ ಕೆಳಗಿಳಿದ್ರೇ ಗೊಣಗತ್ತೆ. ಅದೇ ವೈರಲ್ಲಿ 12 ವೋಲ್ಟ್ ಕಳಿಸಿದ್ರೆ ಆಂಪ್ ಅರ್ಧಕ್ಕಿಂತ ಕಮ್ಮಿ, ಅರ್ಧ ವೋಲ್ಟ್ ಹೋದ್ರೂ ಕನ್ವರ್ಟರಿಗೆ ಗೊತ್ತೇ ಆಗಲ್ಲ. ಉದ್ದಕ್ಕೆ 12, ಗಿಡ್ಡಕ್ಕೆ 5, ಇಷ್ಟೇ.

ಬ್ಯಾಟರಿ ಡೌನ್ ಆಗತ್ತಾ ಅಂದ್ರೆ, ಹಾಗೇ ಬಿಟ್ರೆ ಖಂಡಿತ ಆಗತ್ತೆ. ಪೆಟ್ರೋಲ್ ಸ್ವಿಫ್ಟಲ್ಲಿ ಸಾಮಾನ್ಯವಾಗಿ ಇರೋದು 35 ಆಂಪ್ ಅವರ್ ಬ್ಯಾಟರಿ. ಪೈ ಮತ್ತೆ ಸ್ಕ್ರೀನ್ ಸೇರಿ 10 ವ್ಯಾಟ್ ಅಂದ್ಕೊಳ್ಳಿ, 0.8 ಆಂಪ್, ಒಂದು ಹಗಲು ಒಂದು ರಾತ್ರಿ ಕಳೆಯೋದ್ರೊಳಗೆ ಅರ್ಧ ಬ್ಯಾಟರಿ ಖಾಲಿ, ಅದೂ ಹೊಸ ಬ್ಯಾಟರಿ ಆದ್ರೆ. ಅದಕ್ಕೆ ಕೀ ತೆಗೆದ ಮೇಲೆ ಒಂದು ನಿಮಿಷ ಬಿಟ್ಟು ಲೈನ್ ಕಟ್ ಮಾಡೋ ಟೈಮರ್ ರಿಲೇ ಹಾಕ್ಬೇಕು. ಕೀ ತೆಗೆದ ತಕ್ಷಣ ಇಗ್ನಿಷನ್ ವೈರಿಂದ ಪೈಗೆ ಸುದ್ದಿ ಹೋಗತ್ತೆ, ಪೈ ನೆಟ್ಟಗೆ ಶಟ್‌ಡೌನ್ ಆಗತ್ತೆ, ಆಮೇಲೆ ರಿಲೇ ಕರೆಂಟ್ ತೆಗೆಯತ್ತೆ. ಮಾನಿಟರನ್ನ ಇಗ್ನಿಷನ್ ಲೈನಿಗೇ ಕೊಡಿ, ಅದಕ್ಕೆ ಶಟ್‌ಡೌನಿನ ಗೋಜಿಲ್ಲ, ಕೀ ತಿರುಗಿಸಿದ ಕೂಡ್ಲೇ ಕ್ಯಾಮೆರಾಗೆ ರೆಡಿ ಇರತ್ತೆ. ಸುದ್ದಿ ಕಳಿಸೋಕೆ ಆ 12 ವೋಲ್ಟನ್ನ ನೇರ ಪೈ ಪಿನ್ನಿಗೆ ಕೊಟ್ರೆ ಪೈ ಅಲ್ಲೇ ಕೈಲಾಸ, ಆ ಪಿನ್ ತಡೆಯೋದು 3.3 ವೋಲ್ಟ್ ಮಾತ್ರ. ಮಧ್ಯ ಒಂದು ಪಿಸಿ 817 ಆಪ್ಟೋಕಪ್ಲರ್ (ಎರಡು ಕಡೆಯ ಕರೆಂಟ್ ಸೇರದ ಹಾಗೆ ಬೆಳಕಿಂದ ಸುದ್ದಿ ದಾಟಿಸೋ ಚಿಪ್) ಹಾಕಿ, ಅದರ ಎಲ್‌ಇಡಿ ಕಡೆ 2.2 ಕಿಲೋ ಓಮ್ ರೆಸಿಸ್ಟರ್, 14 ವೋಲ್ಟಲ್ಲಿ 6 ಮಿಲಿಆಂಪ್ ಹತ್ರ ಬರತ್ತೆ, ಸಾಕು. ರಿವರ್ಸ್ ಹಾಕಿದಾಗ ಹಾಡು ಮ್ಯೂಟ್ ಆಗ್ಬೇಕು ಅಂತಿದ್ರೆ ಇನ್ನೊಂದು ಆಪ್ಟೋಕಪ್ಲರ್ ಇದೇ ತರ ರಿವರ್ಸ್ ಲೈನಿಗೆ ಹಾಕಿ ಬೇರೆ ಪಿನ್ನಿಗೆ ಕೊಡಿ.

ಇದ್ರಲ್ಲಿ ಒಂದು ಸಣ್ಣ ಕೊಕ್ಕೆ ಇದೆ, ಯಾರೂ ಮುಂಚೆ ಹೇಳಲ್ಲ. ಪೆಟ್ರೋಲ್ ಬಂಕಲ್ಲಿ ಕೀ ತೆಗೀತೀರಿ, ಪೈ ಶಟ್‌ಡೌನ್ ಆಗತ್ತೆ, ನಿಮಿಷ ತುಂಬೋದ್ರೊಳಗೆ ಮತ್ತೆ ಸ್ಟಾರ್ಟ್ ಮಾಡ್ತೀರಿ, ರಿಲೇ ಕಟ್ ಆಗಿರಲ್ಲ, ಪೈಗೆ ಕರೆಂಟ್ ಇದ್ದೇ ಇದೆ ಆದ್ರೆ ಅದು ಮಲಗಿದೆ, ಏಳಲ್ಲ. ಪೈಯ 5 ಮತ್ತೆ 6ನೇ ಪಿನ್ನಿನ ಮಧ್ಯ ಒಂದು ಪುಶ್ ಬಟನ್ ಹಾಕಿ ಡ್ಯಾಶ್‌ಬೋರ್ಡಲ್ಲಿ ಕೈಗೆ ಸಿಗೋ ಕಡೆ ಕೂರಿಸಿ, ಶಟ್‌ಡೌನ್ ಆಗಿರೋ ಪೈ ಅದನ್ನ ಒತ್ತಿದ್ರೆ ಏಳತ್ತೆ. ಜೊತೆಗೆ ಪೈಯ ಸೆಟ್ಟಿಂಗ್ಸ್ ಪ್ರೋಗ್ರಾಂ ಆದ ರಾಸ್ಪಿ ಕಾನ್ಫಿಗ್‌ನಲ್ಲಿ ಓವರ್‌ಲೇ ಫೈಲ್ ಸಿಸ್ಟಂ ಆನ್ ಮಾಡಿ, ಆಗ ಕಾರ್ಡಿಗೆ ಏನೂ ಬರೆಯಲ್ಲ, ಅಕಸ್ಮಾತ್ ಕರೆಂಟ್ ಹೋದ್ರೂ ಕಾರ್ಡ್ ಉಳಿಯತ್ತೆ. ಹಾಡುಗಳು ಬೇರೆ ಪೆನ್ ಡ್ರೈವಲ್ಲಿರ್ಲಿ. ಪವರ್ ಬ್ಯಾಂಕ್ ಇಟ್ಟು ಯುಪಿಎಸ್ ತರ ಮಾಡ್ತೀನಿ ಅಂತ ಕೆಲವ್ರು ಕೇಳ್ತಾರೆ, ಬಿಸಿಲಲ್ಲಿ ನಿಂತ ಕಾರೊಳಗೆ ಲಿಥಿಯಂ ಬ್ಯಾಟರಿ ಬೇಡ.

ಬಿಸಿಲು ಅಂದ್ರೆ ನೆನಪಾಯ್ತು, ಪೈಯನ್ನ ಡ್ಯಾಶ್‌ಬೋರ್ಡ್ ಮೇಲೆ ಇಡ್ಬೇಡಿ. ದಾವಣಗೆರೆ ಏಪ್ರಿಲಲ್ಲಿ ಗಾಜಿನ ಕೆಳಗಿನ ಪ್ಲಾಸ್ಟಿಕ್ ಮುಟ್ಟಿ ನೋಡಿ, ಗೊತ್ತಾಗತ್ತೆ. ಪೈ 80 ಡಿಗ್ರಿ ದಾಟಿದ್ರೆ ತಾನಾಗೇ ಸ್ಪೀಡ್ ಇಳಿಸತ್ತೆ. ಗ್ಲೋವ್ ಬಾಕ್ಸ್ ಹಿಂದೆ ಅಥವಾ ಎಡ ಸೀಟಿನ ಕೆಳಗೆ, ಪೂರ್ತಿ ಅಲ್ಯೂಮಿನಿಯಂ ಕೇಸಲ್ಲಿ ಇಟ್ರೆ ಫ್ಯಾನ್ ಬೇಡ, ಫ್ಯಾನ್ ಧೂಳು ಎಳೆದು ಆಮೇಲೆ ಕಿರ್ ಅನ್ನತ್ತೆ. ಸೀಟಿನ ಕೆಳಗಾದ್ರೆ ನೆಲಕ್ಕೆ ತಾಗಿಸ್ಬೇಡಿ, ಮಳೇಲಿ ಕಾಲಿಂದ ಬಂದ ನೀರು ಕಾರ್ಪೆಟ್ ಕೆಳಗೇ ನಿಲ್ಲತ್ತೆ.

ಸಾಫ್ಟ್‌ವೇರ್ ಬಗ್ಗೆ ಜಾಸ್ತಿ ಹೇಳಲ್ಲ, ಅದನ್ನ ನೀವೇ ಆಟ ಆಡ್ತಾ ಕಲೀತೀರಿ. ಹಾಡಿಗೆ ಕೋಡಿ ಅನ್ನೋ ಪ್ಲೇಯರ್ ಸಾಕು. ಎಂಜಿನ್ ಟೆಂಪರೇಚರಿಗೆ ಸ್ಟೀರಿಂಗ್ ಕೆಳಗಿನ, ಎಂಜಿನ್ ಮಾಹಿತಿ ಓದೋಕೆ ಅಂತ ಇರೋ ಓಬಿಡಿ ಪೋರ್ಟಿಗೆ ಇಎಲ್‌ಎಂ 327 ಬ್ಲೂಟೂತ್ ಅಡಾಪ್ಟರ್. ಆ ಪೋರ್ಟಿನ 16ನೇ ಪಿನ್ನಲ್ಲಿ ಯಾವಾಗ್ಲೂ ಬ್ಯಾಟರಿ ಕರೆಂಟ್ ಇರತ್ತೆ, ಹಂಗಾಗಿ ವಾರಗಟ್ಟಲೆ ಕಾರು ನಿಲ್ಲಿಸೋದಾದ್ರೆ ಅಡಾಪ್ಟರ್ ಕಿತ್ತಿಡಿ. ಮ್ಯಾಪಿಗೆ ಮಾತ್ರ ಪೈ ಸ್ವಲ್ಪ ನಿರಾಸೆ ಮಾಡತ್ತೆ, ಲಿನಕ್ಸಿಗೆ ಗೂಗಲ್ ಮ್ಯಾಪ್ಸ್ ಆ್ಯಪ್ ಅನ್ನೋದೇ ಇಲ್ಲ. ಓಪನ್ ಆಟೋ ಅಂತ ಒಂದು ಓಪನ್ ಸೋರ್ಸ್ ಪ್ರಾಜೆಕ್ಟ್ ಇದೆ, ಅದು ಪೈಯನ್ನ ಆಂಡ್ರಾಯ್ಡ್ ಆಟೋ ಸ್ಕ್ರೀನ್ ತರ ಮಾಡತ್ತೆ, ಮ್ಯಾಪ್ ನಿಮ್ಮ ಫೋನಿಂದಲೇ ಬರತ್ತೆ. ಫೋನ್ ಅಪ್‌ಡೇಟ್ ಆದಾಗ ಒಮ್ಮೊಮ್ಮೆ ಕೈ ಕೊಡತ್ತೆ, ಆಗ ಕೂತು ಸರಿ ಮಾಡೋ ತಾಳ್ಮೆ ಇದ್ರೆ ಹಾಕಿ. ಪೈ 4ರಲ್ಲಿ ಗಡಿಯಾರದ ಚಿಪ್ ಇಲ್ಲ, ಇಂಟರ್ನೆಟ್ ಸಿಗೋವರ್ಗೂ ಟೈಮ್ ತಪ್ಪು ತೋರ್ಸತ್ತೆ, ಡಿಎಸ್ 3231 ಅನ್ನೋ ಗಡಿಯಾರದ ಮಾಡ್ಯೂಲ್ ಒಂದು ಹಾಕ್ಬಿಡಿ. ಓಡಿಸೋವಾಗ ನಿಮ್ಮ ಕಣ್ಣಿಗೆ ಬೀಳೋ ಸ್ಕ್ರೀನಲ್ಲಿ ಸಿನಿಮಾ ಹಾಕೋ ಯೋಚ್ನೆ ಇದ್ರೆ ಇಲ್ಲೇ ಬಿಟ್ಬಿಡಿ.

ಅಂಗಡಿಯವ್ರು ಹೇಳಿದ್ದು ಸುಳ್ಳಲ್ಲ. ಮ್ಯಾಪು, ಹಾಡು, ಕ್ಯಾಮೆರಾ ಇಷ್ಟೇ ಸಾಕು ಅಂದ್ರೆ ಆಂಡ್ರಾಯ್ಡ್ ಸ್ಟೀರಿಯೋನೇ ಸುಲಭ, ಒಂದೇ ದಿನದಲ್ಲಿ ಮುಗಿಯತ್ತೆ, ಕಾರಲ್ಲಿ ಕಂಪ್ಯೂಟರ್ ಕೂರಿಸೋ ಹುಚ್ಚು ಜೋರಾಗಿದ್ದಿದ್ದೇ ಅದು ಸಿಗದೇ ಇದ್ದ ಕಾಲದಲ್ಲಿ. 2000ದ ದಶಕದ ಮೊದಲಲ್ಲಿ ವಿಐಎ ಕಂಪನಿಯ 17 ಸೆಂಟಿಮೀಟರ್ ಚೌಕದ ಮಿನಿ ಐಟಿಎಕ್ಸ್ ಬೋರ್ಡ್ ಬಂದ ಮೇಲೆ ಅಮೆರಿಕಾ, ಯುರೋಪಿನ ಹವ್ಯಾಸಿಗಳು ಡಿಕ್ಕೀಲಿ ವಿಂಡೋಸ್ ಕಂಪ್ಯೂಟರ್ ಇಟ್ಕೊಂಡು ಓಡಾಡ್ತಿದ್ರು, ಅವ್ರು ಬಳಸ್ತಿದ್ದ ಎಂ2-ಎಟಿಎಕ್ಸ್ ಅನ್ನೋ ಪವರ್ ಸಪ್ಲೈ 6ರಿಂದ 24 ವೋಲ್ಟ್ ತಡ್ಕೊಂಡು ಕೀ ತೆಗೆದ ಮೇಲೆ ತಾನೇ ಶಟ್‌ಡೌನ್ ಮಾಡಿಸ್ತಿತ್ತು. ನಾನು ಮೇಲೆ ಹೇಳಿದ ರಿಲೇ, ಆಪ್ಟೋಕಪ್ಲರ್ ಎಲ್ಲಾ ಅದೇ ಕೆಲ್ಸದ ಬಡವರ ರೂಪ. ಕಾರ್‌ಪ್ಲೇ, ಆಂಡ್ರಾಯ್ಡ್ ಆಟೋ ಬಂದ ಮೇಲೆ ಆ ಹುಚ್ಚು ಇಳೀತು. ನಿಮಗೆ ಓಬಿಡಿ ಡೇಟಾ ಬರೆದಿಟ್ಕೊಳ್ಳೋದು, ನಿಮ್ಮದೇ ಸ್ಕ್ರೀನ್ ಡಿಸೈನ್ ಮಾಡೋದು, ಏನೋ ಒಂದು ಕೋಡ್ ಬರೆಯೋದು ಖುಷಿ ಅಂದ್ರೆ ಪೈ ಹಾಕಿ. ಇಲ್ಲಾಂದ್ರೆ ಸ್ಟೀರಿಯೋ ಹಾಕಿಸಿ, ಕ್ಯಾಮೆರಾ ವೈರಿಂಗ್ ಮಾತ್ರ ಎದುರಲ್ಲಿ ನಿಂತು ಮಾಡಿಸ್ಕೊಳ್ಳಿ. ಬೆಂಗಳೂರಿನ ಜೆಸಿ ರೋಡಾಗ್ಲಿ ನಿಮ್ಮೂರಾಗ್ಲಿ, ಆತುರದಲ್ಲಿದ್ರೆ ಹುಡುಗ್ರು ಆ ಬಾಗಿಲ ರಬ್ಬರ್ ಪೈಪಿಗೆ ಕೈ ಹಾಕಲ್ಲ, ಬೀಡಿಂಗಲ್ಲೇ ತೂರಿಸ್ತಾರೆ. ಇನ್ಶೂರೆನ್ಸ್ ರಿನ್ಯೂ ಮಾಡೋವಾಗ ಹೊರಗಿಂದ ಹಾಕಿಸಿದ ಎಲೆಕ್ಟ್ರಾನಿಕ್ ಆಕ್ಸೆಸರಿ ಅಂತ ಬಿಲ್ ಸಮೇತ ತೋರ್ಸಿ, ಐಎಂಟಿ 24 ಅನ್ನೋ ಷರತ್ತಿನಡಿ ಸ್ವಲ್ಪ ಪ್ರೀಮಿಯಂ ಕಟ್ಟಿದ್ರೆ ಅದೂ ಕವರ್ ಆಗತ್ತೆ.

ಎಲ್ಲಾ ಕೂರಿಸಿದ ಮೇಲೆ ಪ್ಲಾಸ್ಟಿಕ್ ಪಟ್ಟಿಗಳನ್ನ ವಾಪಸ್ ಹಾಕೋಕೆ ಮುಂಚೆ ಎರಡು ಟೆಸ್ಟ್ ಮಾಡಿ. ಮೊದಲನೇದು, ಮನೆಯವ್ರನ್ನ ಕಾರಿನ ಹಿಂದೆ ಎಡಗಡೆ ನಿಲ್ಸಿ ಕೈ ಎತ್ತಕ್ಕೆ ಹೇಳಿ, ಎಂಜಿನ್ ಆಫ್ ಇರ್ಲಿ. ಸ್ಕ್ರೀನಲ್ಲೂ ಎಡಗಡೇನೇ ಕಾಣ್ಬೇಕು, ಒಳಗಿನ ಕನ್ನಡಿಯಲ್ಲಿ ಕಾಣೋ ಹಾಗೆ. ಬಲಗಡೆ ಕಂಡ್ರೆ ಕ್ಯಾಮೆರಾ ಮುಂಭಾಗದ ಮೋಡಲ್ಲಿದೆ, ವೈರಿನ ಬುಡದಲ್ಲಿ ಸಣ್ಣ ಕುಣಿಕೆ ತರ ಎರಡು ವೈರ್ ಇರ್ತಾವೆ, ಒಂದು ಕತ್ತರಿಸಿದ್ರೆ ಚಿತ್ರ ತಿರುಗತ್ತೆ, ಇನ್ನೊಂದು ಗೆರೆಗಳಿಗೆ ಸಂಬಂಧಪಟ್ಟಿದ್ದು, ಯಾವ ಬಣ್ಣ ಯಾವುದಕ್ಕೆ ಅಂತ ಕಂಪನಿಯಿಂದ ಕಂಪನಿಗೆ ಬೇರೆ, ಜೊತೆಗೆ ಬಂದ ಚೀಟಿ ನೋಡಿನೇ ಕತ್ತರಿ ಹಾಕಿ. ಎರಡನೇದು, ಬಂಪರಿಂದ ಅರ್ಧ ಮೀಟರ್, 1 ಮೀಟರ್, 2 ಮೀಟರಿಗೆ ನೆಲದಲ್ಲಿ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಒಂದೊಂದರ ಮೇಲೂ ಬಕೆಟ್ ಇಟ್ಟು ಸ್ಕ್ರೀನಿನ ಕೆಂಪು ಹಳದಿ ಹಸಿರು ಗೆರೆ ಎಲ್ಲಿ ಬೀಳತ್ತೆ ನೋಡ್ಕೊಳ್ಳಿ. ಆ ಬಣ್ಣದ ಗೆರೆಗಳು ಕ್ಯಾಮೆರಾದವ್ರು ಯಾವುದೋ ಒಂದು ಎತ್ತರಕ್ಕೆ ಹಾಕಿಟ್ಟಿರೋದು, ನಿಮ್ಮ ಕಾರಿಗೆ ಅಂತ ಅಲ್ಲ. ಕ್ಯಾಮೆರಾನ ಮೇಲೆ ಕೆಳಗೆ ಬಗ್ಗಿಸಿ, ಚಿತ್ರದ ಅಡಿಯಲ್ಲಿ ಬಂಪರಿನ ಅಂಚು ಒಂದು ಎಳೆ ಕಾಣೋ ಹಾಗೆ ಇಟ್ಟು, ಕೆಂಪು ಗೆರೆ ಅರ್ಧ ಮೀಟರಿಗೆ ಹತ್ರ ಬಂದಾಗ ಸ್ಕ್ರೂ ಬಿಗಿ ಮಾಡಿ. ರಾತ್ರಿ ಕತ್ತಲಲ್ಲೂ ಒಂದ್ಸಲ ಅದೇ ಬಕೆಟ್ ಇಟ್ಟು ನೋಡಿ, ಬಲ್ಬಿನ ಬೆಳಕು ಸಾಲ್ದೇ ಹೋದ್ರೆ ರಿವರ್ಸ್ ಬಲ್ಬಿನ ಗಾಜು ಮಂಕಾಗಿದ್ಯಾ ಅಂತ ಮೊದ್ಲು ಒರೆಸಿ ನೋಡಿ, ಆಮೇಲೆ ಕ್ಯಾಮೆರಾ ಬದಲಾಯ್ಸೋ ಮಾತು.